ಏರಿನಲ್ಲಿ ಜರ್ಕ್ ಹೊಡೆಯುವ ಸಣ್ಣ ಕಾರು: ಪ್ಲಗ್ ಬದಲಿಸುವ ಮೊದಲು ಬಿಚ್ಚಿ ನೋಡಬೇಕಾದದ್ದು

ಕಕ್ಕಡದ (ಜುಲೈ–ಆಗಸ್ಟ್) ಮಳೆ ಹಿಡಿಯಿತೆಂದರೆ ಕೊಡಗಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಒಂದೇ ಬಗೆಯ ದೂರು ಶುರುವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಗಡಗಡ ನಡುಗುತ್ತದೆ. ಐದು ನಿಮಿಷ ಬಿಟ್ಟರೆ ಸರಿಹೋದಂತೆ ಕಾಣುತ್ತದೆ. ತೋಟದ ರಸ್ತೆ ದಾಟಿ ಡಾಂಬರಿನ ಏರು ಸಿಕ್ಕಿ, ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಜರ್ಕ್ ಹೊಡೆಯುತ್ತದೆ, ಪಿಕಪ್ ಬಿದ್ದುಹೋಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ಮಿಸ್ಸಿಂಗ್. ಮೂರು ಸಿಲಿಂಡರುಗಳಲ್ಲಿ ಒಂದು ತನ್ನ ಸರದಿ ಬಂದಾಗ ಉರಿಯುತ್ತಿಲ್ಲ ಎಂದು ಅರ್ಥ.

ಎಲ್ಲರೂ ಮೊದಲು ಕೊಡುವ ಸಲಹೆ ‘ಪ್ಲಗ್ ಬದಲಿಸಿ’ ಎಂಬುದು. ಬದಲಿಸಿದರೆ ಹಲವು ಸಲ ಗಾಡಿ ಚೆನ್ನಾಗಿಯೇ ಓಡುತ್ತದೆ. ಆದರೆ ಕೆಲವು ವಾರಗಳಲ್ಲಿ ಅದೇ ಏರಿನಲ್ಲಿ, ಅದೇ ಜರ್ಕ್ ಮರಳಿ ಬರುತ್ತದೆ. ಹೊಸ ಪ್ಲಗ್ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರಿಸುವುದರಿಂದ ಕಿಡಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲಿನ ಅಥವಾ ಅದನ್ನು ಪ್ಲಗ್ಗಿಗೆ ಜೋಡಿಸುವ ರಬ್ಬರ್ ಬೂಟಿನ ದೌರ್ಬಲ್ಯ ಅಷ್ಟು ದಿನ ಮರೆಯಾಗಿರುತ್ತದೆ, ಅಷ್ಟೆ. ಆದ್ದರಿಂದ ಪ್ಲಗ್ ಬಿಚ್ಚುವುದು ಮೊದಲ ಕೆಲಸವಾಗಲಿ, ಬದಲಿಸುವುದು ಕೊನೆಯ ಕೆಲಸವಾಗಲಿ. ನಡುವೆ ಮಾಡಬೇಕಾದ ಪರೀಕ್ಷೆಗಳೇ ಈ ಬರಹದ ವಿಷಯ. ಮೂರು ಸಿಲಿಂಡರಿನ ಆಲ್ಟೊ, ವ್ಯಾಗನ್ ಆರ್ ತರಹದ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ತಯಾರಿಕೆ 2014ರಲ್ಲೇ ನಿಂತರೂ ನಮ್ಮ ತೋಟದ ಶೆಡ್ಡುಗಳಲ್ಲಿ ಇನ್ನೂ ಇರುವ ಮಾರುತಿ 800 ಬಗ್ಗೆಯೂ ಅಲ್ಲಲ್ಲಿ ಹೇಳುತ್ತೇನೆ.

ಜರ್ಕ್ ಯಾವಾಗ ಬರುತ್ತದೆ?

ಬಾನೆಟ್ ಎತ್ತುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಿ. ಅರ್ಧ ದೋಷ ಇಲ್ಲಿಯೇ ಸಿಗುತ್ತದೆ.

ಕಿಡಿ ಹಾರಲು ಬೇಕಾಗುವ ವೋಲ್ಟೇಜ್ ಸದಾ ಒಂದೇ ಆಗಿರುವುದಿಲ್ಲ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ, ಪ್ಲಗ್ಗಿನ ತುದಿಯ ಅಂತರ ಸವೆದು ಅಗಲವಾದಷ್ಟೂ ಹೆಚ್ಚು ವೋಲ್ಟೇಜ್ ಬೇಕು. ಸುಮ್ಮನೆ ನಿಂತು ಐಡ್ಲಿಂಗ್‌ನಲ್ಲಿ ಓಡುವಾಗ ಸಿಲಿಂಡರಿಗೆ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಏರಿನಲ್ಲಿ ಹೆಚ್ಚಿನ ಗೇರಿನಲ್ಲಿ, ಕಡಿಮೆ ವೇಗದಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಬೇಡಿಕೆ ತುತ್ತತುದಿಗೆ ಹೋಗುತ್ತದೆ. ಹತ್ತು ಸಾವಿರ ವೋಲ್ಟಿಗೆ ತೃಪ್ತಿಯಾಗುತ್ತಿದ್ದ ಪ್ಲಗ್ ಆಗ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಕೇಳುತ್ತದೆ. ಆ ವೋಲ್ಟೇಜ್ ಪ್ಲಗ್ಗಿನ ತುದಿಗೆ ಹೋಗುವುದಕ್ಕಿಂತ ಸುಲಭವಾದ ದಾರಿ ಎಲ್ಲಾದರೂ ಸಿಕ್ಕಿದರೆ, ಬಿರುಕು ಬಿಟ್ಟ ರಬ್ಬರಿರಲಿ, ಪ್ಲಗ್ಗಿನ ಒದ್ದೆಯಾದ ಪಿಂಗಾಣಿಯಿರಲಿ, ಅಲ್ಲಿಂದಲೇ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡಿನ ಲೋಹಕ್ಕೆ ಹಾರಿಬಿಡುತ್ತದೆ. ಸಂಪಾಜೆ ಘಾಟಿಯಲ್ಲೋ ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗಲೋ ಕಾಣಿಸುವ ದೋಷ ಮನೆಯ ಅಂಗಳದಲ್ಲಿ ಕಾಣಿಸದೇ ಇರುವುದಕ್ಕೆ ಇದೇ ಕಾರಣ.

ಇದರಿಂದ ನಮ್ಮ ಜಿಲ್ಲೆಯಲ್ಲಿ ಒಂದು ವಿಚಿತ್ರ ತೊಂದರೆಯಾಗುತ್ತದೆ. ಮಡಿಕೇರಿಯ ಮೇಲಿನ ಕಡೆಯವರು ಗಾಡಿ ತೋರಿಸಲು ಕುಶಾಲನಗರಕ್ಕೆ ಹೋಗುತ್ತಾರೆ. ದಾರಿಯುದ್ದಕ್ಕೂ ಹೆಚ್ಚಾಗಿ ಇಳಿಜಾರು, ಎಂಜಿನ್ ಮೇಲೆ ಭಾರವಿಲ್ಲ. ಕೆಳಗೆ ಹೋದಂತೆ ಮಳೆಯೂ ಕಡಿಮೆ, ಬಾನೆಟ್ಟಿನೊಳಗಿನ ತೇವ ಎಂಜಿನ್ ಬಿಸಿಗೆ ಆರಿಹೋಗುತ್ತದೆ. ಗ್ಯಾರೇಜಿನ ಬಾಗಿಲಲ್ಲಿ ನಿಂತಾಗ ಗಾಡಿ ಸಾಧುವಾಗಿ ಓಡುತ್ತಿರುತ್ತದೆ. ಮೆಕ್ಯಾನಿಕ್ ಬೇರೇನೂ ಕಾಣದೆ ಪ್ಲಗ್ ಬದಲಿಸಿ ಕಳಿಸುತ್ತಾರೆ. ಅವರನ್ನು ದೂರುವಂತಿಲ್ಲ, ದೋಷ ಅವರ ಎದುರಿಗೆ ಬರಲೇ ಇಲ್ಲ. ಹಾಗಾಗಿ ಮಳೆಯಲ್ಲಿ ಮಾತ್ರವೋ, ಏರಿನಲ್ಲಿ ಮಾತ್ರವೋ, ತಣ್ಣಗಿದ್ದಾಗ ಮಾತ್ರವೋ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳುವ ಕೆಲಸ ಗಾಡಿ ಓಡಿಸುವವರದೇ.

ತೇವವಿದ್ದಾಗ ಮಾತ್ರ ಬಂದು ಒಣಗಿದ ಮೇಲೆ ಹೋದರೆ, ಬೂಟು, ಕಾಯಿಲ್, ಪ್ಲಗ್ ವೈರಿನ ಕಡೆ ನೋಡಿ. ಒಣ ದಿನದಲ್ಲೂ ಏರಿನಲ್ಲಿ ಬಂದರೆ, ಸವೆದ ಪ್ಲಗ್ ಅಥವಾ ಸೋತ ಕಾಯಿಲ್. ಏರು ಇಳಿಜಾರೆನ್ನದೆ ಸದಾ ಒಂದು ಸಿಲಿಂಡರ್ ಸತ್ತಂತೆ ಇದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರು, ವಾಲ್ವ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕೂಡ ಅನುಮಾನದ ಪಟ್ಟಿಗೆ ಸೇರುತ್ತವೆ. ಜರ್ಕ್ ಇಲ್ಲದೆ ಎಳೆತ ಮಾತ್ರ ಒಂದೇ ಸಮನೆ ಕಡಿಮೆಯಾಗಿದ್ದರೆ ಅದು ಮಿಸ್ಸಿಂಗ್ ಅಲ್ಲವೇ ಅಲ್ಲ. ಏರ್ ಫಿಲ್ಟರ್, ಕ್ಲಚ್, ಹಿಡಿದುಕೊಂಡ ಬ್ರೇಕ್ ನೋಡಿ.

ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗುತ್ತಿದ್ದರೆ ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕರಗಿ ಕಟ್ಟಿಕೊಂಡರೆ ತೆರಬೇಕಾದ ಬೆಲೆಯ ಮುಂದೆ ಪ್ಲಗ್, ಕಾಯಿಲ್ ಎಲ್ಲ ಸೇರಿಸಿದರೂ ಚಿಲ್ಲರೆ.

ಬಾನೆಟ್ ಎತ್ತಿದ ಮೇಲೆ

ಮೊದಲು ಮೂಗು ಮತ್ತು ಕಣ್ಣಿಗೆ ಕೆಲಸ ಕೊಡಿ. ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿಯ ಕೆಳಗೆ ನೀರು ಹರಿದುಹೋಗಲು ಕಿಂಡಿಗಳಿರುತ್ತವೆ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಸಿಲ್ವರ್ ಓಕ್ ಎಲೆ, ಹಲಸಿನ ಎಲೆಯ ಚೂರು ಕೊಳೆತು ಈ ಕಿಂಡಿಗಳು ಮುಚ್ಚಿಹೋಗುತ್ತವೆ. ನೀರು ತುಂಬಿ ಅಂಚಿನಿಂದ ಇಳಿದು ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟು ಪ್ಲಗ್ ಬದಲಿಸಿದರೂ ಈ ತೊಟ್ಟಿಕ್ಕುವಿಕೆ ನಿಲ್ಲದ ಹೊರತು ಪ್ರಯೋಜನವಿಲ್ಲ. ಎಲೆ ತೆಗೆದು ಒಂದು ಚೊಂಬು ನೀರು ಹುಯ್ದು, ಅದು ಎಲ್ಲಿಂದ ಹೊರಗೆ ಬರುತ್ತದೆಂದು ನೋಡಿ.

ಎರಡನೆಯದು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವುಗಳಿಗೆ ಅರಮನೆ. ಇಂಜೆಕ್ಟರ್ ವೈರು, ಕಾಯಿಲ್ ವೈರು ಕಡಿದ ಗುರುತಿದೆಯೇ ನೋಡಿ. ತಾಮ್ರ ಹೊರಗೆ ಕಾಣದಿದ್ದರೂ ಹೊರಪದರದಲ್ಲಿ ಹಲ್ಲಿನ ಗುರುತು ಇದ್ದರೆ ಸಾಕು, ತೇವಕ್ಕೆ ಅದು ಕೈಕೊಡುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ತೆರೆಯಿರಿ. ಹುಲ್ಲು, ಬಟ್ಟೆಚೂರು ತುಂಬಿ ಗೂಡು ಕಟ್ಟಿದ್ದರೆ ಗಾಳಿ ಸಾಲದೆ ಪ್ಲಗ್ ಎಲ್ಲವೂ ಕಪ್ಪಾಗಿರುತ್ತವೆ.

ಮೂರನೆಯದು ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಎಥೆನಾಲ್ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಅದು ಎಥೆನಾಲನ್ನೂ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಜೂನ್‌ನಲ್ಲಿ ಶೆಡ್ಡಿಗೆ ಹೋಗಿ ಸೆಪ್ಟೆಂಬರಿನಲ್ಲಿ ಹೊರಬರುವ ಕಾರಿಗೆ ಈ ಅನುಮಾನ ಸಲ್ಲುತ್ತದೆ, ದಿನವೂ ಓಡುವ ಕಾರಿಗೆ ಅಷ್ಟಾಗಿ ಇಲ್ಲ.

ಒಂದು ಎಚ್ಚರಿಕೆ. ಮಳೆಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಸರಿಯಾಗಿ ಉರಿಯದ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಗಾಡಿಯ ಹಿಂಭಾಗ ಹೊರಗೆ ಇರಲಿ.

ಯಾವ ಸಿಲಿಂಡರ್?

ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುವ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಸಣ್ಣ ಸ್ಕ್ಯಾನರ್ ಒಂದಿದ್ದರೆ ಕೆಲಸ ಬಹಳ ಸಲೀಸು. ಅದು ತೋರಿಸುವ ದೋಷದ ಕೋಡ್ ಪಿ0301 ಎಂದರೆ ಒಂದನೆಯ ಸಿಲಿಂಡರ್, ಪಿ0302 ಎರಡನೆಯದು, ಪಿ0303 ಮೂರನೆಯದು. ಪಿ0300 ಬಂದರೆ ಒಂದೇ ಸಿಲಿಂಡರ್ ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ. ಆಗ ಪೆಟ್ರೋಲ್ ಮತ್ತು ಗಾಳಿಯ ಕಡೆ ಮೊದಲು ನೋಡಿ. ಸಾಮಾನ್ಯವಾಗಿ ಬೆಲ್ಟ್ ಇರುವ ಬದಿಯದೇ ಒಂದನೆಯ ಸಿಲಿಂಡರ್.

ಸ್ಕ್ಯಾನರ್ ಇಲ್ಲದಿದ್ದರೆ ಪ್ರತಿ ಪ್ಲಗ್ ಮೇಲೆ ಒಂದೊಂದು ಕಾಯಿಲ್ ಕೂತಿರುವ ಕಾರುಗಳಲ್ಲಿ ಹೀಗೆ ಮಾಡಬಹುದು. ಕೀ ತೆಗೆದು, ಒಂದು ಕಾಯಿಲಿನ ಸಣ್ಣ ಕನೆಕ್ಟರ್ ಬಿಚ್ಚಿ, ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡು ಕೇಳಿ, ಆಫ್ ಮಾಡಿ ಮತ್ತೆ ಸಿಕ್ಕಿಸಿ. ಒಳ್ಳೆಯ ಸಿಲಿಂಡರಿನದನ್ನು ಬಿಚ್ಚಿದರೆ ನಡುಕ ಇನ್ನೂ ಹೆಚ್ಚುತ್ತದೆ. ಕೆಟ್ಟದ್ದರದನ್ನು ಬಿಚ್ಚಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನಿಂದ ವೈರು ಕಿತ್ತು ನೋಡುವ ಹಳೆಯ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಒದ್ದೆ ಕೈ, ಒದ್ದೆ ನೆಲ, ಮೂವತ್ತು ಸಾವಿರ ವೋಲ್ಟ್ ಒಟ್ಟಿಗೆ ಸೇರಬಾರದು; ಇಂಜೆಕ್ಷನ್ ಗಾಡಿಯಲ್ಲಾದರೆ ಕಾಯಿಲನ್ನೋ ಅದನ್ನು ನಡೆಸುವ ಕಂಪ್ಯೂಟರನ್ನೋ ಸುಟ್ಟುಕೊಳ್ಳುವ ಅಪಾಯವೂ ಇದೆ.

ಪ್ಲಗ್ ವೈರ್ ಇರುವ ಹಳೆಯ ಗಾಡಿಗಳಿಗೆ ಕತ್ತಲಿನ ಪರೀಕ್ಷೆ ಇದೆ. ಪೆಟ್ರೋಲ್ ವಾಸನೆ ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ರಾತ್ರಿ ದೀಪ ಆರಿಸಿ, ಎಂಜಿನ್ ಓಡುವಾಗ ಗಿಡಕ್ಕೆ ನೀರು ಚಿಮುಕಿಸುವ ಸಣ್ಣ ಬಾಟಲಿಯಿಂದ ವೈರುಗಳ ಮೇಲೆ ದೂರದಿಂದ ತೆಳ್ಳಗೆ ಮಂಜಿನಂತೆ ಸಿಂಪಡಿಸಿ. ಸೋರುವ ಕಡೆ ನೀಲಿ ಕಿಡಿ ಓಡುವುದು ಕಣ್ಣಿಗೇ ಕಾಣುತ್ತದೆ, ಚಿಟಚಿಟ ಸದ್ದೂ ಕೇಳುತ್ತದೆ. ಕೈ ಹತ್ತಿರ ಒಯ್ಯಬೇಡಿ. ಮರುದಿನ ಮಲ್ಟಿಮೀಟರಿನಲ್ಲಿ ಆ ವೈರಿನ ರೋಧ ಅಳೆಯಿರಿ: ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್‌ನಿಂದ ಹದಿನೈದು ಇಪ್ಪತ್ತು ಸಾವಿರದವರೆಗೆ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ.

ಬಿಚ್ಚುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಹೆಡ್ ಅಲ್ಯೂಮಿನಿಯಮ್ಮಿನದು; ಬಿಸಿಯಲ್ಲಿ ತಿರುಗಿಸಿದರೆ ಮೆತ್ತಗಿನ ಥ್ರೆಡ್ ಪ್ಲಗ್ಗಿನ ಜೊತೆಗೇ ಕಿತ್ತುಬರಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ರ‍್ಯಾಚೆಟ್, ಉದ್ದನೆಯ ಎಕ್ಸ್‌ಟೆನ್ಷನ್, ಒಳಗೆ ರಬ್ಬರ್ ಅಥವಾ ಅಯಸ್ಕಾಂತ ಇರುವ ಪ್ಲಗ್ ಸಾಕೆಟ್, ಕಾಯಿಲಿನ ಬೋಲ್ಟಿಗೆ 10 ಮಿ.ಮೀ. ಸ್ಪ್ಯಾನರ್, ಪ್ಲಗ್ ತುದಿಯ ಅಂತರ ಅಳೆಯುವ ಫೀಲರ್ ಗೇಜ್, ಟಾರ್ಚ್. ಸಾಕೆಟ್ಟಿನ ಅಳತೆ ಮಾತ್ರ ನೋಡಿ ಕೊಳ್ಳಿ. ಹಳೆಯ ಪ್ಲಗ್‌ಗಳಿಗೆ ಸುಮಾರು 21 ಮಿ.ಮೀ., ಈಚಿನ ಅನೇಕ ಸಣ್ಣ ಎಂಜಿನ್‌ಗಳಿಗೆ 16 ಮಿ.ಮೀ. ಬೇಕಾಗುತ್ತದೆ. ತೋಟದ ಮನೆಗಳಲ್ಲಿ ಕಳೆ ಕೊಚ್ಚುವ ಯಂತ್ರದ ಪ್ಲಗ್ ಪಾನಾ ಇದ್ದೇ ಇರುತ್ತದೆ, ಅದು ಸಾಮಾನ್ಯವಾಗಿ 19 ಮಿ.ಮೀ. ಕಾರಿಗೆ ಅದನ್ನು ಒತ್ತಿ ಕೂರಿಸಲು ಹೋದರೆ ಪಿಂಗಾಣಿ ಒಡೆಯುತ್ತದೆ.

ಕಾಯಿಲಿನ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ತೆಗೆದು, ಕಾಯಿಲನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಚಿ ಮೇಲಕ್ಕೆ ಎಳೆಯಿರಿ. ವೈರು ಹಿಡಿದು ಜಗ್ಗಬೇಡಿ. ಬೂಟು ಹೊರಬಂದಾಗ ಅದರ ತುದಿ ಒದ್ದೆಯಿದೆಯೇ, ಎಣ್ಣೆಯಿದೆಯೇ ಎಂದು ಅಲ್ಲೇ ನೋಡಿ, ಏಕೆಂದರೆ ಸ್ವಲ್ಪ ಹೊತ್ತಿನಲ್ಲಿ ಸಾಕ್ಷ್ಯ ಒರೆಸಿಹೋಗುತ್ತದೆ.

ಪ್ಲಗ್ ಕೂರುವ ಗುಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ನೀರು ನಿಂತಿದ್ದರೆ ಕೋಲಿಗೆ ಬಟ್ಟೆ ಸುತ್ತಿ ಹೀರಿ ತೆಗೆಯಿರಿ. ಎಲೆಪುಡಿ, ಮಣ್ಣು ಇದ್ದರೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಹಾರಿಸಿ, ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿಕೊಳ್ಳಿ. ಇದನ್ನು ಬಿಟ್ಟು ನೇರವಾಗಿ ಪ್ಲಗ್ ಬಿಚ್ಚಿದರೆ ಅಲ್ಲಿದ್ದದ್ದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ಕಾಲು ಸುತ್ತು ಬಿಚ್ಚಿ, ಥ್ರೆಡ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಕೆಲವು ತೊಟ್ಟು ಬಿಟ್ಟು, ಒಂದೆರಡು ಗಂಟೆ ಕಾದು, ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಉದ್ದನೆಯ ಪೈಪ್ ಸಿಕ್ಕಿಸಿ ಬಲಪ್ರಯೋಗ ಮಾಡಬೇಡಿ.

ಒಂದು ರಟ್ಟಿನ ತುಂಡಿನ ಮೇಲೆ 1, 2, 3 ಎಂದು ಬರೆದು, ಬಂದ ಪ್ಲಗ್‌ಗಳನ್ನು ಅದೇ ಸಾಲಿನಲ್ಲಿ ಚುಚ್ಚಿ ನಿಲ್ಲಿಸಿ. ಮೂರೂ ಬೆರೆತುಹೋದರೆ ಮುಂದಿನ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.

ಪ್ಲಗ್ ಏನು ಹೇಳುತ್ತದೆ

ಹಗಲಿನ ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗೆ ಕಂದುಬಣ್ಣವೂ ಬೂದುಬಣ್ಣವೂ ಒಂದೇ ತರಹ ಕಾಣುತ್ತವೆ. ಮೊದಲ ನೋಟ ಮೂರನ್ನೂ ಒಟ್ಟಿಗೆ ಹೋಲಿಸುವುದಕ್ಕೆ. ಮೂರೂ ಒಂದೇ ರೀತಿ ಕೆಟ್ಟಿದ್ದರೆ ದೋಷ ಎಲ್ಲಕ್ಕೂ ಸಾಮಾನ್ಯವಾದ ಕಡೆ ಇದೆ: ಗಾಳಿ, ಪೆಟ್ರೋಲ್, ಎಂಜಿನ್ ಬಿಸಿ, ಓಡಿಸುವ ರೀತಿ. ಒಂದು ಮಾತ್ರ ಬೇರೆಯಾಗಿದ್ದರೆ ದೋಷ ಆ ಸಿಲಿಂಡರಿನದು. ಇದಕ್ಕಿಂತ ಉಪಯುಕ್ತವಾದ ನಿಯಮ ಈ ಕೆಲಸದಲ್ಲಿ ನನಗೆ ಗೊತ್ತಿಲ್ಲ.

ತುದಿಯ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಉರಿಯುವಿಕೆ ಆರೋಗ್ಯವಾಗಿದೆ. ಒಣಗಿದ ಮಸಿ ಮೂರರ ಮೇಲೂ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಅಥವಾ ಎಂಜಿನ್ ಬಿಸಿಯಾಗುವ ಮುನ್ನವೇ ಆಫ್ ಆಗುತ್ತಿದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಾತ್ರ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ‘ಬ್ಯಾಟರಿ ಇಳಿಯದಿರಲಿ’ ಎಂದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವ ಪದ್ಧತಿ ತೋಟದ ಮನೆಗಳಲ್ಲಿ ಸಾಮಾನ್ಯ. ಅದರಿಂದ ಬ್ಯಾಟರಿಗೂ ಲಾಭವಿಲ್ಲ, ಪ್ಲಗ್ಗಿಗೆ ನೇರ ನಷ್ಟ. ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯಾದರೂ ಓಡಿಸಿಕೊಂಡು ಬನ್ನಿ, ಇಲ್ಲವಾದರೆ ಮುಟ್ಟಬೇಡಿ.

ಕಾರ್ಬ್ಯುರೇಟರ್ ಇರುವ ಮಾರುತಿ 800ರಲ್ಲಿ ಕಪ್ಪು ಪ್ಲಗ್ಗಿಗೆ ಇನ್ನೊಂದು ಕಾರಣ ನಮ್ಮ ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಮಂಗಳೂರಿಗಿಂತ ಇಲ್ಲಿನ ಗಾಳಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ತೆಳು. ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ ಕಾರ್ಬ್ಯುರೇಟರ್ ಘಾಟಿ ಹತ್ತಿದ ಮೇಲೂ ಅಷ್ಟೇ ಪೆಟ್ರೋಲ್ ಸುರಿಯುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದನ್ನು ಸರಿದೂಗಿಸುತ್ತದೆ.

ಒಂದು ಪ್ಲಗ್ ಮಾತ್ರ ಪೆಟ್ರೋಲಿನಲ್ಲಿ ತೊಯ್ದು ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ತುದಿಯಲ್ಲಿ ಜಿಡ್ಡಾದ ಕಪ್ಪು ಎಣ್ಣೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಕಡೆಯಿಂದ ಎಣ್ಣೆ ಒಳಗೆ ಬರುತ್ತಿದೆ. ಎಣ್ಣೆ ತುದಿಯಲ್ಲಿಲ್ಲದೆ ಮೇಲ್ಭಾಗದಲ್ಲಿ, ಗುಂಡಿಯೊಳಗೆ ಮಾತ್ರ ಇದ್ದರೆ ಹೆದರಬೇಕಾಗಿಲ್ಲ: ವಾಲ್ವ್ ಕವರಿನ ಸೀಲ್ ಸೋರುತ್ತಿದೆ, ಅದನ್ನು ಬದಲಿಸಿದರಾಯಿತು. ಇವೆರಡನ್ನೂ ಒಂದೇ ಎಂದು ತಿಳಿದು ಎಂಜಿನ್ ಬಿಚ್ಚಿಸುವವರಿದ್ದಾರೆ. ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ, ಅಥವಾ ತಪ್ಪು ಜಾತಿಯ ಪ್ಲಗ್ ಬಿದ್ದಿದೆ. ಒಂದು ಪ್ಲಗ್ ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದು ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ, ಗಾಡಿ ಓಡಿಸಬೇಡಿ.

ಇನ್ನು ಹೆಚ್ಚಿನವರು ನೋಡದೇ ಬಿಡುವ ಭಾಗ, ಮೇಲಿನ ಬಿಳಿ ಪಿಂಗಾಣಿ. ಕೊಡಗಿನ ಮಳೆಗಾಲದ ಮಿಸ್ಸಿಂಗ್ ಅಲ್ಲಿ ತನ್ನ ಹೆಜ್ಜೆಗುರುತು ಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕೈಯಲ್ಲಿ ತಿರುಗಿಸುತ್ತಾ ಹತ್ತಿರದಿಂದ ನೋಡಿ. ಲೋಹದ ಭಾಗ ಮುಗಿದು ಪಿಂಗಾಣಿ ಶುರುವಾಗುವಲ್ಲಿ ಸುತ್ತಲೂ ತಿಳಿ ಕಂದು ಉಂಗುರ ಕಾಣಬಹುದು. ಹೆಚ್ಚಿನ ವೋಲ್ಟೇಜಿನ ಸುತ್ತ ಗಾಳಿಯಲ್ಲಿರುವ ಎಣ್ಣೆಯ ಕಣಗಳು ಅಂಟಿಕೊಂಡು ಆಗುವ ಕಲೆ ಅದು, ದೋಷವಲ್ಲ. ‘ಕಂಪ್ರೆಷನ್ ಲೀಕ್ ಆಗುತ್ತಿದೆ’ ಎಂದು ಅದನ್ನು ತೋರಿಸಿ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮೇಲಿನ ತುದಿಯಿಂದ ಕೆಳಗಿನ ಲೋಹದವರೆಗೆ ಪೆನ್ಸಿಲಿನಲ್ಲಿ ಎಳೆದಂತೆ ಉದ್ದುದ್ದ ಕಪ್ಪು ಗೆರೆ ಇದ್ದರೆ ಅದೇ ಕಳ್ಳದಾರಿ. ಕಿಡಿ ಸಿಲಿಂಡರಿನ ಒಳಗೆ ಹಾರದೆ ಪಿಂಗಾಣಿಯ ಮೇಲೆ ಓಡಿದೆ.

ಈ ಗೆರೆ ಕಂಡ ಕೂಡಲೇ ಬೂಟನ್ನು ಕೈಗೆತ್ತಿಕೊಳ್ಳಿ. ತುದಿಯನ್ನು ಹಿಗ್ಗಿಸಿ ಒಳಗೆ ಟಾರ್ಚ್ ಹಿಡಿದರೆ ಅದೇ ಜಾಗಕ್ಕೆ ಸರಿಯಾಗಿ ರಬ್ಬರಿನಲ್ಲೂ ಬೂದು ಅಥವಾ ಬಿಳಿ ಗೆರೆಯೊಂದು ಸಿಗುತ್ತದೆ. ಪ್ಲಗ್ ಮಾತ್ರ ಬದಲಿಸಿ ಹಳೆಯ ಬೂಟು ಹಾಕಿದರೆ, ಆ ಗೆರೆ ಹೊಸ ಪ್ಲಗ್ಗಿನ ಮೇಲೆ ಮತ್ತೊಂದು ಗೆರೆ ಬರೆಯುತ್ತದೆ. ಬೂಟು ಮಾತ್ರ ಬದಲಿಸಿದರೆ ಹಳೆಯ ಪ್ಲಗ್ ಹೊಸ ಬೂಟನ್ನು ಕೆಡಿಸುತ್ತದೆ. ಎರಡನ್ನೂ ಜೋಡಿಯಾಗಿ ಬದಲಿಸಲೇಬೇಕು. ಒರೆಸಿದರೆ, ಉಪ್ಪುಕಾಗದದಲ್ಲಿ ಉಜ್ಜಿದರೆ ಹೋಗುವ ಕಲೆಯಲ್ಲ ಇದು. ಕೆಲವು ಕಾಯಿಲ್‌ಗಳಿಗೆ ಬೂಟು ಬಿಡಿಯಾಗಿ ಸಿಗುತ್ತದೆ, ಕೆಲವಕ್ಕೆ ಕಾಯಿಲನ್ನೇ ಕೊಳ್ಳಬೇಕು.

ಪಕ್ಕದ ತೋಟದ ರೈಟರ್ (ಗುಮಾಸ್ತ) ಅವರ ಕಾರು ಇದೇ ಕಾರಣಕ್ಕೆ ಇಡೀ ಮಳೆಗಾಲ ಕಾಡಿತು. ‘ಪ್ಲಗ್ ಹೊಸತು ಅಣ್ಣಾ, ಅದನ್ನು ಬಿಟ್ಟು ಬೇರೆ ನೋಡಿ’ ಎಂದು ಅವರು ಹೇಳುತ್ತಲೇ ಇದ್ದರು. ಪ್ಲಗ್ ಹೊಸತೇ ಹೌದು. ತುದಿ ತಿಳಿ ಕಂದು ಬಣ್ಣದಲ್ಲಿ ಚೆನ್ನಾಗಿಯೂ ಇತ್ತು. ಎರಡನೆಯ ಪ್ಲಗ್ಗಿನ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ, ಬೂಟಿನೊಳಗೆ ಅದರ ಜೊತೆಗಾರ. ‘ಇಷ್ಟು ಸಣ್ಣದಕ್ಕೆ ಇಷ್ಟು ಜರ್ಕಾ?’ ಎಂದು ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಬೂಟು, ಪ್ಲಗ್ ಎರಡೂ ಬದಲಾದ ಮೇಲೆ ಅದು ಮರಳಲಿಲ್ಲ.

ಅದಲುಬದಲು ಪರೀಕ್ಷೆ

ಕಣ್ಣಿಗೆ ಏನೂ ಕಾಣದಿದ್ದರೆ ಹಣ ಖರ್ಚು ಮಾಡುವ ಮೊದಲು ಜಾಗ ಬದಲಿಸಿ. ಪಿ0302 ಬಂದಿದೆ ಎಂದುಕೊಳ್ಳಿ. ಎರಡನೆಯ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ, ಪ್ಲಗ್‌ಗಳು ಇದ್ದಲ್ಲೇ ಇರಲಿ. ಕೋಡ್ ಅಳಿಸಿ, ಅದೇ ಏರಿಗೆ ಹೋಗಿ. ಕೋಡ್ ಪಿ0303ಕ್ಕೆ ಹಾರಿದರೆ ಕಾಯಿಲ್ ಸಿಕ್ಕಿಬಿತ್ತು. ಎರಡರಲ್ಲೇ ಉಳಿದರೆ ಈಗ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಆಗಲೂ ಎರಡರಲ್ಲೇ ನಿಂತರೆ ಪ್ಲಗ್ಗೂ ಕಾಯಿಲೂ ನಿರಪರಾಧಿಗಳು. ವೈರಿಂಗ್, ಇಂಜೆಕ್ಟರ್, ಕಂಪ್ರೆಷನ್ ಉಳಿದವು. ಕಂಪ್ರೆಷನ್ ಅಳೆಯಲು ಗೇಜ್ ಬೇಕು, ಅದನ್ನು ಗ್ಯಾರೇಜಿನಲ್ಲಿ ಮಾಡಿಸಿ, ಆದರೆ ಈವರೆಗೆ ಏನೇನು ಮಾಡಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಸ್ಥಳಾಂತರಿಸಿದರೆ ಯಾರು ತಪ್ಪಿತಸ್ಥರೆಂದು ತಿಳಿಯುವುದಿಲ್ಲ.

ಪೆಟ್ಟಿ ಅಂಗಡಿಯಷ್ಟು ಸಣ್ಣ ಗ್ಯಾರೇಜಿನಲ್ಲೂ ಮಾಡುವ ಇನ್ನೊಂದು ಪರೀಕ್ಷೆ, ಬಿಚ್ಚಿದ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆದು ಕಿಡಿ ನೋಡುವುದು. ತೆರೆದ ರಂಧ್ರದಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ, ಬೆಂಕಿಗೆ ಆಹ್ವಾನ. ಮೇಲಾಗಿ ತೆರೆದ ಗಾಳಿಯಲ್ಲಿ ಕಿಡಿ ಹಾರಿದ ಮಾತ್ರಕ್ಕೆ ಸಿಲಿಂಡರಿನ ಒತ್ತಡದಲ್ಲೂ ಹಾರುತ್ತದೆ ಎಂದಾಗುವುದಿಲ್ಲ. ಅಪಾಯ ಹೆಚ್ಚು, ಮಾಹಿತಿ ಕಡಿಮೆ.

ಹೊಸ ಪ್ಲಗ್ ಕೂರಿಸುವುದು

ತುದಿಯ ಚೂಪು ಸವೆದು ಗುಂಡಗಾಗಿದ್ದರೆ, ಅಂತರ ಅಗಲವಾಗಿದ್ದರೆ, ಪಿಂಗಾಣಿ ಬಿರುಕು ಬಿಟ್ಟಿದ್ದರೆ ಬದಲಿಸುವ ಕಾಲ ಬಂದಿದೆ. ಸಾಮಾನ್ಯ ನಿಕಲ್ ಪ್ಲಗ್‌ಗಳ ಆಯುಸ್ಸು ಇಪ್ಪತ್ತರಿಂದ ನಲವತ್ತು ಸಾವಿರ ಕಿಲೋಮೀಟರ್, ಇರಿಡಿಯಮ್ ಪ್ಲಗ್‌ಗಳದು ಅದರ ಎರಡರಷ್ಟಕ್ಕೂ ಹೆಚ್ಚು. ನಿಮ್ಮ ಗಾಡಿಯ ಕೈಪುಸ್ತಕದ ಮಾತೇ ಅಂತಿಮ. ಒಂದೇ ಕೆಟ್ಟಿದ್ದರೂ ಮೂರನ್ನೂ ಬದಲಿಸಿ.

ಅಂಗಡಿಯಲ್ಲಿ ‘ಇದೂ ಅದೇ, ಹಾಕಿ’ ಎಂದರೆ ಪೆಟ್ಟಿಗೆಯ ಮೇಲಿನ ಪೂರ್ತಿ ಸಂಖ್ಯೆಯನ್ನು ಹೋಲಿಸಿ ನೋಡಿ. ಥ್ರೆಡ್ಡಿನ ಉದ್ದ ಒಂದೇ ಸಾಲು ಹೆಚ್ಚಿದ್ದರೂ ಪಿಸ್ಟನ್ನಿಗೆ ತಾಗುವ ಅಪಾಯವಿದೆ. ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆಂದು ಹೇಳುವ ಶಾಖದ ಸಂಖ್ಯೆಯ ವಿಷಯದಲ್ಲಿ ಇನ್ನೂ ಒಂದು ಗೊಂದಲ: ಎನ್‌ಜಿಕೆ ಪ್ಲಗ್‌ನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಿಸಿಯದು. ಒಂದು ಕಂಪನಿಯ ಆರನ್ನು ಇನ್ನೊಂದು ಕಂಪನಿಯ ಆರಿಗೆ ಸಮ ಎಂದು ತಿಳಿಯಬಾರದು.

ಹೊಸ ಪ್ಲಗ್ಗಿನ ಅಂತರವನ್ನೂ ಫೀಲರ್ ಗೇಜಿನಲ್ಲಿ ನೋಡಿ. ಹಳೆಯ ಗಾಡಿಗಳಿಗೆ ಹೆಚ್ಚಾಗಿ 0.7 ರಿಂದ 0.8 ಮಿ.ಮೀ., ಈಚಿನವಕ್ಕೆ 1.0 ರಿಂದ 1.1 ಮಿ.ಮೀ. ಬೇಕಿದ್ದರೆ ಹೊರಗಿನ ಕೊಂಡಿಯನ್ನು ಮಾತ್ರ ಸ್ವಲ್ಪವೇ ಬಾಗಿಸಿ, ನಡುವಿನ ತುದಿಗೆ ಬಲ ಬೀಳದಿರಲಿ. ಇರಿಡಿಯಮ್ ಪ್ಲಗ್ಗಿನ ಸೂಜಿಯಂಥ ತುದಿ ಗೇಜ್ ತಾಗಿದರೆ ಮುರಿಯುತ್ತದೆ, ಅದನ್ನು ಇದ್ದ ಹಾಗೆಯೇ ಹಾಕುವುದು ಲೇಸು. ನೆಲಕ್ಕೆ ಬಿದ್ದ ಪ್ಲಗ್ ಹೊರಗಿನಿಂದ ಸರಿಯಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು, ಬಳಸಬೇಡಿ.

ಪ್ಲಗ್ಗಿನ ಮೇಲ್ತುದಿಗೆ ಒಂದು ಗೇಣುದ್ದದ ಪೆಟ್ರೋಲ್ ರಬ್ಬರ್ ಟ್ಯೂಬ್ ಸಿಕ್ಕಿಸಿ, ಗುಂಡಿಗೆ ಇಳಿಸಿ, ಬೆರಳಲ್ಲಿ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಟ್ಯೂಬ್ ಜಾರುತ್ತದೆ. ಕೆಡುವ ಮೊದಲೇ ನಿಮಗೆ ಗೊತ್ತಾಗುತ್ತದೆ. ರ‍್ಯಾಚೆಟ್ಟಿನಲ್ಲಿ ಶುರು ಮಾಡಿದರೆ ಈ ಎಚ್ಚರಿಕೆ ಸಿಗುವುದಿಲ್ಲ. ಕೈಯಲ್ಲಿ ತಳ ಮುಟ್ಟುವವರೆಗೆ ಹೋಗಲಿ. ಟಾರ್ಕ್ ರೆಂಚ್ ಇದ್ದರೆ ಕೈಪುಸ್ತಕದ ಅಳತೆ. ಸಾಮಾನ್ಯವಾಗಿ 14 ಮಿ.ಮೀ. ಥ್ರೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್ಡಿಗೆ 15ರಿಂದ 20. ಇಲ್ಲದಿದ್ದರೆ, ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್ಗಿಗೆ ತಳ ಮುಟ್ಟಿದ ಮೇಲೆ ಅರ್ಧ ಸುತ್ತು ಅಥವಾ ಸ್ವಲ್ಪ ಹೆಚ್ಚು. ವಾಷರ್ ಒಮ್ಮೆ ಅಮುಕಿದ ಹಳೆಯ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಹನ್ನೆರಡನೆಯ ಒಂದು ಭಾಗ ಸಾಕು. ವಾಷರ್ ಇಲ್ಲದ, ಓರೆಯಾದ ತಳದ ಪ್ಲಗ್ಗಿಗೆ ಅದಕ್ಕಿಂತಲೂ ಕಡಿಮೆ. ಹೊಳೆಯುವ ಲೇಪನವಿರುವ ಥ್ರೆಡ್ಡಿಗೆ ಗ್ರೀಸ್ ಬೇಡ. ಹಚ್ಚಿದರೆ ಅದೇ ಬಲಕ್ಕೆ ಪ್ಲಗ್ ಅತಿಯಾಗಿ ಬಿಗಿಯುತ್ತದೆ.

ಬೂಟಿನ ಒಳ ಅಂಚಿಗೆ ಮಾತ್ರ ವಿದ್ಯುತ್ ಹರಿಯಗೊಡದ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ತೇವ ಒಳನುಗ್ಗುವುದನ್ನು ತಡೆಯಲು ಕೊಡಗಿನಂಥ ಊರಿನಲ್ಲಿ ಇದು ಬೇಕೇ ಬೇಕು. ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿಗೆ ಸಲ್ಲದು, ರಬ್ಬರ್ ಉಬ್ಬಿ ಕೆಡುತ್ತದೆ. ಕಾಯಿಲನ್ನು ಒತ್ತಿದಾಗ ಬೂಟು ಪ್ಲಗ್ಗಿನ ಮೇಲೆ ಕೂತ ಸಣ್ಣ ‘ಟಕ್’ ಕೈಗೆ ತಿಳಿಯಬೇಕು. ಕನೆಕ್ಟರ್ ಲಾಕ್ ಬಿದ್ದಿದೆಯೇ ಎಂದು ಎಳೆದು ನೋಡಿ.

ಸ್ಟಾರ್ಟ್ ಮಾಡಿ ಐಡ್ಲಿಂಗ್ ಸಮವಾದ ಮೇಲೆ, ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ದೋಷ ಮೊದಲು ಕಂಡ ಏರಿಗೇ ಹೋಗಿ. ಮೂರನೆಯ ಗೇರ್, ಕಡಿಮೆ ವೇಗ, ಹಿಂದೆ ವಾಹನವಿಲ್ಲದಾಗ ಆಕ್ಸಿಲರೇಟರ್ ಪೂರ್ತಿ. ಒಣ ದಿನದಲ್ಲಿ ಗೆದ್ದ ಗಾಡಿಯನ್ನು ಮಳೆ ಸುರಿಯುವ ದಿನ ಮತ್ತೊಮ್ಮೆ ಅದೇ ಏರಿನಲ್ಲಿ ಪರೀಕ್ಷಿಸಿ. ಒಂದೆರಡು ತಿಂಗಳ ನಂತರ, ಹಿಂದೆ ತೊಂದರೆ ಕೊಟ್ಟ ಆ ಒಂದು ಸಿಲಿಂಡರಿನ ಪ್ಲಗ್ಗನ್ನು ಮಾತ್ರ ಬಿಚ್ಚಿ ಪಿಂಗಾಣಿ ನೋಡಿ. ಗೆರೆ ಇಲ್ಲದಿದ್ದರೆ ಹಾಗೆಯೇ ಮುಚ್ಚಿ. ಹೊಸ ಬೂಟಿನ ಮೇಲೂ ಗೆರೆ ಮೂಡಿದ್ದರೆ ಗುಂಡಿಗೆ ನೀರು ಇನ್ನೂ ಇಳಿಯುತ್ತಿದೆ. ವೈಪರ್ ಬುಡದ ಕಿಂಡಿಯಿಂದ ಹುಡುಕಾಟ ಮತ್ತೆ ಶುರು ಮಾಡಿ.